ಮರುಎಣಿಕೆಗೆ ಐದೇ ನಿಮಿಷ

ನಮ್ಮ ಮನೆಯಲ್ಲಿ ಚುನಾವಣೆಗೆ ನಿಂತವಳು ನನ್ನ ಹೆಂಡತಿ ಸಂಗಮ್ಮ. ಚುನಾವಣೆಯ ಕಾಯ್ದೆ ಓದಿದವನು ನಾನು. ಆದ್ದರಿಂದ ಗೆಲುವು ಖಚಿತ ಎಂದು ನಾನು ನಂಬಿದ್ದೆ. ಜನ ಬಂದು ಓಟು ಹಾಕಿ ಹೋಗುವುದು ಒಂದು ಸಣ್ಣ ಔಪಚಾರಿಕತೆ. ನಿಜವಾದ ಚುನಾವಣೆ ನಡೆಯುವುದು ಕಾಗದದ ಮೇಲೆ ಎಂಬುದು ನನ್ನ ಬಹಳ ದಿನಗಳ ಅಭಿಪ್ರಾಯ.

ನಾನು ಯಾರೆಂದು ಹೇಳಿಬಿಡುತ್ತೇನೆ. ನನ್ನ ಹೆಸರು ವೀರಣ್ಣ. ನಾರಾಯಣಖೇಡದಲ್ಲಿ ಸರ್ಕಾರಿ ಕಚೇರಿಗಳಿರುವ ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಜೆರಾಕ್ಸ್ ಎಂಬುದು ಬೋರ್ಡಿನ ಮೇಲೆ ಮಾತ್ರ. ನನ್ನ ಅಸಲಿ ಕಸುಬು ದರಖಾಸ್ತು ಬರೆಯುವುದು. ಪಿಂಚಣಿ ನಿಂತುಹೋದವರಿಗೆ, ಕಾರ್ಡಿನಲ್ಲಿ ಹೆಸರು ತಪ್ಪಾಗಿ ಬಿದ್ದವರಿಗೆ, ಪಹಣಿಯಲ್ಲಿ ಹೊಲವೇ ಕಾಣೆಯಾದವರಿಗೆ ನಾನು ತೆಲುಗಿನಲ್ಲಿ ಟೈಪ್ ಮಾಡಿ ಕೊಡುತ್ತೇನೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಗಿರಾಕಿಯ ಜೊತೆ ಜಗಳವಾದರೆ ಉರ್ದು. ಇಷ್ಟು ವರ್ಷಗಳಲ್ಲಿ ನಾನು ಬರೆದ ದರಖಾಸ್ತುಗಳಲ್ಲಿ ಎಷ್ಟು ಮಂಜೂರಾದವು ಎಂದು ಮಾತ್ರ ಕೇಳಬೇಡಿ. ಎಷ್ಟು ಚೆನ್ನಾಗಿ ಬರೆದಿದ್ದೆ ಎಂದು ಕೇಳಿ.

ನಮ್ಮ ಊರು ನಾಗಲಗಿದ್ದ ಎಂಬ ಮಂಡಲದಲ್ಲಿ, ತೆಲುಗು ಸೀಮೆಯ ಕಡೆಯಿಂದ ಕರ್ನಾಟಕದ ಗಡಿಗೆ ಅಂಟಿಕೊಂಡಿದೆ. ಈ ಸಲ ಊರಿನ ಸರ್ಪಂಚ್ ಸ್ಥಾನ, ಅಂದರೆ ಪಂಚಾಯಿತಿ ಅಧ್ಯಕ್ಷರ ಸ್ಥಾನ, ಮಹಿಳೆಗೆ ಮೀಸಲಾಗಿ ಬಂತು. ಸುದ್ದಿ ತಿಳಿದ ದಿನ ಊರಿನ ಗಂಡಸರು ಒಂದು ಗಳಿಗೆ ದುಃಖಪಟ್ಟರು. ಆಮೇಲೆ ಒಬ್ಬೊಬ್ಬರಿಗೂ ತಮಗೊಬ್ಬ ಹೆಂಡತಿ ಇದ್ದಾಳೆ ಎಂಬುದು ನೆನಪಾಯಿತು.

ನನಗೆ ನೆನಪಾಗುವ ಮೊದಲೇ ಸಂಗಮ್ಮ ತೀರ್ಮಾನ ಮಾಡಿಬಿಟ್ಟಿದ್ದಳು. ಅವಳು ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ ನಡೆಯುವ ಹೆಂಗಸರ ಸಂಘದ ಮೀಟಿಂಗಿಗೆ ತಿಂಗಳಿಗೊಮ್ಮೆ ಹೋಗುತ್ತಾಳೆ. ನವಣೆ, ಸಾವೆ, ಸಜ್ಜೆ ಬೀಜಗಳನ್ನು ಮಡಕೆಯಲ್ಲಿ ಬೂದಿ ಬೆರೆಸಿ ಇಡುತ್ತಾಳೆ. ಯಾವ ಅಧಿಕಾರಿ ಎದುರು ಕುಳಿತರೂ ಹೆದರದೆ ಮಾತಾಡುತ್ತಾಳೆ. ಅವಳ ತಲೆಯಲ್ಲಿ ಇದ್ದದ್ದು ಒಂದೇ ವಿಷಯ. ನಮ್ಮ ಊರಿಗೆ ರೇಷನ್ ಅಂಗಡಿ ಇಲ್ಲ. ಹೆಂಗಸರು ಹಳ್ಳ ದಾಟಿ ಪಕ್ಕದ ಊರಿಗೆ ಹೋಗಿ, ಅಲ್ಲಿ ಬೆರಳಿನ ಗುರುತು ಮಷೀನಿಗೆ ಸಿಗದಿದ್ದರೆ ಮರುದಿನ ಮತ್ತೆ ಹೋಗಬೇಕು. ಪ್ರತಿ ತಿಂಗಳು ಎರಡು ದಿನದ ಕೂಲಿ ಹೋಗುತ್ತದೆ.

"ನಾ ನಿಲ್ತೀನಿ," ಎಂದಳು.

"ನನ್ನ ಒಂದ್ ಮಾತು ಕೇಳಬೇಕಿತ್ತು," ಎಂದೆ.

"ಕೇಳಿದ್ರ ನೀವು ಕಾಯ್ದೆ ಹೇಳ್ತಿದ್ರಿ. ಅಷ್ಟರಾಗ ನಾಮಿನೇಷನ್ ತಾರೀಖು ಮುಗದು ಹೋಗ್ತಿತ್ತು."

ನಾನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹೆಂಡತಿ ಸರ್ಪಂಚ್ ಆದರೆ ಜನ ಗಂಡನನ್ನೇ 'ಸರ್ಪಂಚ್ ಸಾಬ್' ಎಂದು ಕರೆಯುವುದು ನಮ್ಮ ಕಡೆಯ ಪದ್ಧತಿ. ಆ ಕಷ್ಟದ ಹೊಣೆಗೆ ನಾನು ಮನಸ್ಸನ್ನು ಸಿದ್ಧಮಾಡಿಕೊಂಡೆ. ಎಣಿಕೆಯ ದಿನ ಅವಳ ಪರವಾಗಿ ಕೂಡುವ ಏಜೆಂಟ್ ಆಗಿ ನನ್ನನ್ನು ನಾನೇ ನೇಮಿಸಿಕೊಂಡೆ. ಚುನಾವಣೆಯ ಕೈಪಿಡಿಯನ್ನು ನನ್ನ ಅಂಗಡಿಯಲ್ಲೇ ಪ್ರಿಂಟ್ ತೆಗೆದು, ನೀಲಿ ರಟ್ಟು ಹಾಕಿ ಬೈಂಡ್ ಮಾಡಿಸಿ, ಊರ ಗಂಡಸರು ಕೂಡುವ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಓದತೊಡಗಿದೆ.

ಓದುತ್ತ ಹೋದಂತೆ ನನಗೆ ಒಂದು ಅಧ್ಯಾಯದ ಮೇಲೆ ವಿಶೇಷ ಪ್ರೀತಿ ಹುಟ್ಟಿತು. ಅದು ಮರುಎಣಿಕೆಯ ಅಧ್ಯಾಯ. ಒಂದು ಸಂಜೆ ಸಂಗಮ್ಮ ಅಂಗಳದಲ್ಲಿ ಸಾವೆ ಕೇರುತ್ತಿದ್ದಳು. ನಾನು ಎದುರಿಗೆ ಕುರ್ಚಿ ಹಾಕಿಕೊಂಡು ಕೇಳಿದೆ:

"ಮರುಎಣಿಕಿ ಅಂದ್ರ ಏನು, ಹೇಳು ನೋಡಮ್?"

"ಮತ್ತೊಮ್ಮಿ ಎಣಸೋದು."

"ಅಷ್ಟ ಅಲ್ಲ. ಅದಕ್ಕೊಂದು ಮುದ್ದತು ಅದ. ಅಧಿಕಾರಿ ಯಾರಿಗಿ ಎಷ್ಟು ಓಟು ಅಂತ ಓದಿ ಹೇಳ್ತಾರ. ಆಮ್ಯಾಲ ಫಲಿತಾಂಶದ ಕಾಗದಕ್ಕ ದಸ್ಕತ್ ಹಾಕ್ತಾರ. ಓದಿದ ಮ್ಯಾಲ, ದಸ್ಕತ್ತಿನ ಮೊದಲು, ಆ ನಡುವಿನ ಐದ್ಹತ್ತು ನಿಮಿಷದಾಗ ಕೇಳಬೇಕು. ಬಾಯಿಲೆ ಕೇಳಿದ್ರ ನಡಿಯಂಗಿಲ್ಲ, ಬರದು ಕೊಡಬೇಕು. 'ನನಗ ಅನುಮಾನ ಅದ' ಅಂತ ಬರದ್ರೂ ನಡಿಯಂಗಿಲ್ಲ, ಕಾರಣ ಬೇಕು. ದಸ್ಕತ್ ಬಿತ್ತೋ, ಮುಗೀತು. ಆಮ್ಯಾಲ ಕೋರ್ಟು. ಅದಕ್ಕ ಮೂವತ್ತು ದಿನದ ಮುದ್ದತು."

ಸಂಗಮ್ಮ ಮೊರ ಕೆಳಗಿಟ್ಟಳು. "ಇಷ್ಟೆಲ್ಲ ಓದೋ ಹೊತ್ತಿನ್ಯಾಗ ನಾಕು ಮನಿಗಿ ಹೋಗಿ ಓಟು ಕೇಳಿ ಬರ್ರಿ. ನಾಕು ಓಟು ಹೆಚ್ಚಿಗಿ ಬಿದ್ರ ಮರುಎಣಿಕಿ ಯಾತಕ್ಕ ಬೇಕು?"

ಕಾನೂನು ಅರಿಯದವರ ಮಾತು ಎಂದು ನಾನು ನಕ್ಕುಬಿಟ್ಟೆ. ನಾಲ್ಕು ಮನೆಗೆ ಹೋಗುವ ಬದಲು ಅಂಗಡಿಗೆ ಹೋಗಿ, ನನ್ನ ಜೀವಮಾನದ ಅತ್ಯುತ್ತಮ ದರಖಾಸ್ತನ್ನು ಟೈಪ್ ಮಾಡಿದೆ.

ಅದರಲ್ಲಿ ಆರು ಕಾರಣಗಳಿದ್ದವು. ಆರರಲ್ಲಿ ನಾಲ್ಕನೆಯದು ನನ್ನ ಹೆಮ್ಮೆ. ಮತಪತ್ರದ ಮೇಲೆ ಓಟಿನ ಮುದ್ರೆ ಒತ್ತಿ, ಶಾಯಿ ಆರುವ ಮೊದಲೇ ಮಡಚಿದರೆ, ಅದರ ಕಲೆ ಎದುರಿನ ಮತ್ತೊಂದು ಚಿಹ್ನೆಯ ಮೇಲೂ ಬೀಳುತ್ತದೆ. ಅವಸರದಲ್ಲಿ ನೋಡಿದವರು ಎರಡು ಕಡೆ ಓಟು ಬಿದ್ದಿದೆ ಎಂದು ಅದನ್ನು ತಿರಸ್ಕರಿಸಿಬಿಡುತ್ತಾರೆ. ಆದರೆ ಮಡಚಿದ್ದರಿಂದ ಬಿದ್ದ ಕಲೆ ಎರಡನೆಯ ಓಟಲ್ಲ. ಅಂಥ ಮತ ಸಿಂಧು. ಇದನ್ನು ನಾನು ಎಷ್ಟು ಬಿಗಿಯಾಗಿ ಬರೆದಿದ್ದೆನೆಂದರೆ ಓದಿ ಓದಿ ನನಗೇ ಕಣ್ಣು ತುಂಬಿಬಂತು. ಅಭ್ಯರ್ಥಿಯ ಹೆಸರು, ಚಿಹ್ನೆ, ಮತಗಳ ಸಂಖ್ಯೆ, ಇವುಗಳ ಜಾಗವನ್ನು ಮಾತ್ರ ಖಾಲಿ ಬಿಟ್ಟೆ. ಇಂಥ ಕೃತಿ ಒಂದೇ ಊರಿಗೆ ಸೀಮಿತವಾಗಬಾರದು, ಮುಂದಿನ ಹಂತದಲ್ಲಿ ಚುನಾವಣೆ ನಡೆಯುವ ಊರುಗಳಿಗೂ ಉಪಯೋಗಕ್ಕೆ ಬರಲಿ ಎಂಬ ಉದಾತ್ತ ವಿಚಾರ ನನ್ನದು. ಎರಡು ಪ್ರತಿ ತೆಗೆದೆ. ಒಂದು ಅಧಿಕಾರಿಗೆ, ಇನ್ನೊಂದು 'ಸ್ವೀಕರಿಸಲಾಗಿದೆ' ಎಂದು ಬರೆಸಿಕೊಂಡು ನಾವು ಇಟ್ಟುಕೊಳ್ಳುವುದಕ್ಕೆ.

ಸಂಗಮ್ಮನ ಎದುರಿಗೆ ನಿಂತವಳು ಮಾಣಿಕಮ್ಮ. ಸಂಗಮ್ಮನ ಚಿಹ್ನೆ ಕತ್ತರಿ, ಮಾಣಿಕಮ್ಮನದು ಉಂಗುರ. ಮಾಣಿಕಮ್ಮನ ಗಂಡ ಬಹಳ ಸಿಟ್ಟಿನ ಮನುಷ್ಯ. ಅವನು ಎಣಿಕೆಗೆ ಕುಳಿತರೆ ಬೆಂಚು ಮುರಿಯುತ್ತಾನೆ ಎಂದು ಅವಳೇ ಅವನನ್ನು ತಡೆದು, ಮೈದುನ ತುಕ್ಕಪ್ಪನನ್ನು ಏಜೆಂಟ್ ಮಾಡಿ ಕಳಿಸಿದ್ದಳು. ತುಕ್ಕಪ್ಪ ಎರಡು ಎಮ್ಮೆ ಕಟ್ಟಿಕೊಂಡಿರುವ ಸಾಧು ಪ್ರಾಣಿ. ಯಾರಾದರೂ ಜೋರಾಗಿ ಮಾತಾಡಿದರೆ ತಾನೇ ತಪ್ಪು ಮಾಡಿರಬೇಕೆಂದು ತಲೆ ತಗ್ಗಿಸುವವನು. ಇಂಥವನು ನನ್ನ ಎದುರಾಳಿ ಎಂದು ತಿಳಿದಾಗ ನನಗೆ ಸ್ವಲ್ಪ ಅವಮಾನವೇ ಆಯಿತು.

ಮಧ್ಯಾಹ್ನದ ಹೊತ್ತಿಗೆ ಮತದಾನ ಮುಗಿಯಿತು. ಊಟದ ನಂತರ ಊರ ಶಾಲೆಯ ಕೋಣೆಯಲ್ಲೇ ಎಣಿಕೆ. ಅಧಿಕಾರಿ ಒಬ್ಬ ಮೇಡಂ. ಮನೆ ತಾಂಡೂರಿನಲ್ಲಿ, ನೌಕರಿ ನಮ್ಮ ಜಿಲ್ಲೆಯಲ್ಲಿ. ಕಾಗದ ಓದುವಾಗ ತೆಲುಗು, ನಮ್ಮ ಜೊತೆ ಮಾತಾಡುವಾಗ ಕನ್ನಡ. ಸಂಗಮ್ಮ ಒಳಗೆ ಬಂದು ಕೂಡಬಹುದಿತ್ತು. ಆದರೆ ಅವಳು ಸಂಘದ ಹೆಂಗಸರ ಜೊತೆ ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಉಳಿದಳು.

"ಒಳಗ ನೀವು ಇದ್ದೀರಲ್ಲ," ಎಂದಳು.

ಈ ಮೂರು ಶಬ್ದ ನನಗೆ ಈಗಲೂ ನೆನಪಾಗುತ್ತವೆ. ಊಟ ಮಾಡುವಾಗ ಹೆಚ್ಚು.

ಒಳಗೆ ನಾನು ಮೊದಲ ಅರ್ಧ ಗಂಟೆಯಲ್ಲಿ ನಾಲ್ಕು ಆಕ್ಷೇಪಣೆ ಎತ್ತಿದೆ. ಪೆಟ್ಟಿಗೆಯ ಸೀಲು, ಟೇಬಲ್ಲಿನ ದೂರ, ಕಿಟಕಿಯ ಬೆಳಕು, ಮತ್ತು ತುಕ್ಕಪ್ಪನ ಕೆಮ್ಮು. ಮೇಡಂ ನಾಲ್ಕಕ್ಕೂ "ಕೂಡ್ರಿ ವೀರಣ್ಣಾರ" ಎಂಬ ಒಂದೇ ಆದೇಶ ಹೊರಡಿಸಿದರು. ಮತಪತ್ರಗಳನ್ನು ಚಿಹ್ನೆ ನೋಡಿ ಬೇರೆ ಬೇರೆ ಮಾಡಿ, ಇಪ್ಪತ್ತೈದರ ಕಟ್ಟು ಕಟ್ಟಿದರು. ಕತ್ತರಿಯ ಕಟ್ಟು ಒಂದು ಮೇಲೇರಿದರೆ ಉಂಗುರದ ಕಟ್ಟೂ ಒಂದು ಮೇಲೇರುತ್ತಿತ್ತು. ತುಕ್ಕಪ್ಪ ಶಿವನ ಹೆಸರು ಹೇಳುತ್ತಿದ್ದ. ನಾನು ಹೇಳುತ್ತಿರಲಿಲ್ಲ, ನನ್ನ ಅಂಗಿಯ ಜೇಬಿನಲ್ಲಿ ದರಖಾಸ್ತು ಇತ್ತು.

ಕೊನೆಗೆ ಮೇಡಂ ಎದ್ದು ನಿಂತು ಓದಿದರು. ಕತ್ತರಿ ಮುನ್ನೂರ ಹನ್ನೊಂದು. ಉಂಗುರ ಮುನ್ನೂರ ಹತ್ತು. ತಿರಸ್ಕೃತ ಹದಿನೇಳು.

ಒಂದು ಓಟು. ಸಂಗಮ್ಮ ಗೆದ್ದಿದ್ದಳು.

ನಾನು ಕಿಟಕಿಗೆ ಹೋಗಿ ಹೊರಗೆ ಒಂದು ಬೆರಳು ಎತ್ತಿ ತೋರಿಸಿದೆ. ಒಂದೇ ಓಟು, ಆದರೆ ಗೆದ್ದೆವು ಎಂದು ಕೈಸನ್ನೆಯಲ್ಲೇ ತಿಳಿಸಿದೆ. ಬೇವಿನ ಮರದ ಕೆಳಗೆ ಗದ್ದಲ ಎದ್ದಿತು. ಯಾರೋ ಗುಲಾಲು ತಂದಿದ್ದರು. ಸಂಗಮ್ಮ ಬೇಡ ಬೇಡ ಎನ್ನುತ್ತಿದ್ದಂತೆ ಅವಳ ಹಣೆ, ಕೆನ್ನೆ, ಸೆರಗು ಎಲ್ಲ ಕೆಂಪಾದವು. ಫಲಿತಾಂಶ ಘೋಷಣೆ ಆಗುವ ಮೊದಲು ಹೊರಗೆ ಸುದ್ದಿ ಕೊಡಬಾರದು ಎಂಬ ನಿಯಮ ಕೈಪಿಡಿಯ ನಲವತ್ತನೆಯ ಪುಟದ ಸುಮಾರಿಗೆ ಇದೆ. ಅಂದು ಅದು ನನಗೆ ಅಷ್ಟು ಮುಖ್ಯವೆನಿಸಲಿಲ್ಲ.

ಮೇಡಂ ಕೈಗಡಿಯಾರ ನೋಡಿ, ತೆಲುಗಿನಲ್ಲಿ ಓದಿದರು: ಯಾರಿಗಾದರೂ ಮರುಎಣಿಕೆ ಬೇಕಿದ್ದರೆ ಕಾರಣ ಸಹಿತ ಬರೆದು ಕೊಡತಕ್ಕದ್ದು, ಐದು ನಿಮಿಷ ಕಾಯುತ್ತೇನೆ, ಆಮೇಲೆ ಸಹಿ.

ತುಕ್ಕಪ್ಪನ ತಲೆಗೆ ಅದು ಹೋಗಲಿಲ್ಲ. ಅವನು ಟವೆಲಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದ. ಹೆಗಲು ಅಲುಗಾಡುತ್ತಿತ್ತು. ಗೆದ್ದವನು ಉದಾರಿಯಾಗಿರಬೇಕು ಎಂದುಕೊಂಡು ನಾನು ಅವನ ಪಕ್ಕದಲ್ಲಿ ಕುಳಿತೆ.

"ಯಾಕಪ್ಪ ತುಕ್ಕಪ್ಪ, ಅಳ್ತಿ?"

"ಮನಿಗಿ ಹೋದ್ರ ಅತ್ತಿಗಿ ಕೇಳ್ತಾಳ್ರಿ ಅಣ್ಣಾರ. 'ಒಂದ್ ಓಟಿಗಿ ಸೋತ್ವಿ, ನೀ ಅಲ್ಲಿ ಕುಂತು ಏನ್ ಮಾಡ್ದಿ?' ಅಂತ ಕೇಳ್ತಾಳ. ನಾ ಏನಂತ ಹೇಳ್ಲಿ? ಕುಂತಿದ್ದೆ ಅಂತ ಹೇಳ್ಲಿ?"

"ಮೇಡಂ ಈಗ ಏನಂದ್ರು, ಕೇಳಿದಿಲ್ಲೋ?"

"ಏನಂದ್ರು?"

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ಈ ಬರಹ ಇರುತ್ತಿರಲಿಲ್ಲ, ನಮ್ಮ ಮನೆಯ ಮುಂದೆ ಸರ್ಪಂಚ್ ಎಂಬ ಬೋರ್ಡು ಇರುತ್ತಿತ್ತು. ಆದರೆ ಗೊತ್ತಿರುವ ಒಂದು ನಿಯಮವನ್ನು, ಗೊತ್ತಿಲ್ಲದ ಒಬ್ಬ ಮನುಷ್ಯ ಪಕ್ಕದಲ್ಲೇ ಕುಳಿತಿರುವಾಗ, ಹೇಳದೆ ಸುಮ್ಮನಿರುವುದು ನನ್ನ ದೇಹಕ್ಕೆ ಆಗುವುದಿಲ್ಲ. ಹೇಳಿದೆ. ಅಧ್ಯಾಯ ಪೂರ್ತಿ ಹೇಳಿದೆ. ಮುದ್ದತು, ಕಾರಣ, ದಸ್ಕತ್ತು, ಎಲ್ಲ.

ತುಕ್ಕಪ್ಪ ಟವೆಲು ಸರಿಸಿ ನನ್ನನ್ನು ದೇವರಂತೆ ನೋಡಿದ. "ಅಂದ್ರ ನಾ ಒಂದು ದರಖಾಸ್ತು ಕೊಟ್ಟೆ ಅಂತರ ಅತ್ತಿಗಿಗಿ ಹೇಳಬಹುದು. ನನಗ ಹೆಸರು ಬಿಟ್ರ ಇಂಥಾದ್ದು ಬರಿಯಾಕ ಬರಂಗಿಲ್ರಿ. ನೀವರ..."

ನಾನು ಒಂದು ಕ್ಷಣ ಯೋಚಿಸಿದೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕಟ್ಟುಗಳನ್ನು ನಾನೇ ಕಣ್ಣಾರೆ ನೋಡಿದ್ದೆ. ಮತ್ತೊಮ್ಮೆ ಎಣಿಸಿದರೆ ಬದಲಾಗುವುದೇನು? ಪಾಪದವನಿಗೆ ಮನೆಯಲ್ಲಿ ಬೈಗುಳ ತಪ್ಪುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ಸುಂದರವಾದ ದರಖಾಸ್ತು ಯಾರೂ ಓದದೆ ನನ್ನ ಜೇಬಿನಲ್ಲೇ ಬೆವರಿಗೆ ಒದ್ದೆಯಾಗುವುದನ್ನು ನೆನೆದು ನನಗೆ ಸಂಕಟವಾಗುತ್ತಿತ್ತು. ಗೆದ್ದಮೇಲೆ ಅದನ್ನು ಕೊಡುವಂತಿಲ್ಲವಲ್ಲ.

ಜೇಬಿನಿಂದ ಎರಡೂ ಪ್ರತಿ ತೆಗೆದೆ. ನನ್ನ ಪೆನ್ನನ್ನೂ ಅವನ ಕೈಗೆ ಕೊಟ್ಟೆ.

"ಇಲ್ಲಿ ಮಾಣಿಕಮ್ಮನ ಹೆಸರು ಬರಿ. ಇಲ್ಲಿ ಉಂಗುರ. ಅಲ್ಲಲ್ಲೋ, ಅದು ನಂಬರಿನ ಜಾಗ. ಮುನ್ನೂರ ಹತ್ತು. ಈಗ ಕೆಳಗ ದಸ್ಕತ್ ಹಾಕು. ಎರಡನೇ ಪ್ರತಿ ಮ್ಯಾಲ ಅವರ ಕಡಿಂದ ಮುದ್ರಿ ಹಾಕಸ್ಕೋ, ಮರೀಬ್ಯಾಡ. ಮತ್ತ ನನ್ನ ಹೆಸರು ಎತ್ತಬ್ಯಾಡ."

ಐದು ನಿಮಿಷ ಮುಗಿಯಲು ಇನ್ನೂ ಎರಡು ನಿಮಿಷ ಉಳಿದಿತ್ತು. ಅಷ್ಟು ಶಿಸ್ತಿನಿಂದ ನಾನು ನನ್ನ ಸ್ವಂತ ಕರೆಂಟ್ ಬಿಲ್ಲನ್ನೂ ಕಟ್ಟಿದವನಲ್ಲ.

ಮೇಡಂ ಓದಿದರು. ಓದುತ್ತ ಓದುತ್ತ ಅವರ ಹುಬ್ಬು ಮೇಲೇರಿತು. "ಇದು ಯಾರು ಬರದಾರ?" ಎಂದು ಕೇಳಿದರು. "ನಾನ ರೀ," ಎಂದ ತುಕ್ಕಪ್ಪ. ಮಾತು ಕೊಟ್ಟರೆ ಉಳಿಸಿಕೊಳ್ಳುವ ಮನುಷ್ಯ. ಮೇಡಂ ಅವನ ಟವೆಲನ್ನೂ ಟೈಪ್ ಮಾಡಿದ ಕಾಗದವನ್ನೂ ಎರಡು ಸಲ ನೋಡಿದರು.

"ಉಳಿದದ್ದು ಹ್ಯಾಂಗರ ಇರ್ಲಿ, ನಾಕನೇ ಕಾರಣ ಖರೆ ಅದ. ತಿರಸ್ಕಾರ ಮಾಡಿದ್ದು ಮತ್ತೊಮ್ಮಿ ನೋಡಬೇಕು. ವೀರಣ್ಣಾರ, ನಿಮ್ಮದು ಏನರ ತಕರಾರು ಅದನು?"

ಸೀಲಿಗೆ, ಟೇಬಲ್ಲಿಗೆ, ಕಿಟಕಿಗೆ, ಕೆಮ್ಮಿಗೆ ತಕರಾರು ಎತ್ತಿದವನು ನಾನು. ಈಗ ಎತ್ತಬೇಕಿತ್ತು. ಆದರೆ ನಾಲ್ಕನೆಯ ಕಾರಣವನ್ನು ಒಬ್ಬ ಗೆಜೆಟೆಡ್ ಅಧಿಕಾರಿ ಮೆಚ್ಚಿಕೊಂಡ ಆ ಕ್ಷಣದಲ್ಲಿ, ಅದನ್ನು ಬರೆದವನೇ ಅದಕ್ಕೆ ತಕರಾರು ಹೇಳುವುದು ಹೇಗೆ?

"ಏನಿಲ್ರಿ ಮೇಡಂ. ಕಾಯ್ದೆ ಪ್ರಕಾರನ ಅದ," ಎಂದೆ.

ಕಟ್ಟುಗಳು ಮತ್ತೆ ಬಿಚ್ಚಿಕೊಂಡವು. ಕತ್ತರಿ ಮುನ್ನೂರ ಹನ್ನೊಂದು. ಉಂಗುರ ಮುನ್ನೂರ ಹತ್ತು. ನಾನು ತುಕ್ಕಪ್ಪನ ಬೆನ್ನು ತಟ್ಟಿದೆ. ಆಮೇಲೆ ತಿರಸ್ಕರಿಸಿದ ಹದಿನೇಳು ಮತಪತ್ರಗಳನ್ನು ಮೇಡಂ ಒಂದೊಂದಾಗಿ ಬೆಳಕಿಗೆ ಹಿಡಿದರು. ಕೆಲವು ಖಾಲಿ. ಒಂದರ ಮೇಲೆ ಯಾರೋ ಹೆಬ್ಬೆಟ್ಟು ಒತ್ತಿದ್ದರು. ಎಂಟನೆಯದನ್ನು ಹಿಡಿದು ಅವರು ತಡೆದರು. ಉಂಗುರದ ಮೇಲೆ ಗಟ್ಟಿಯಾದ ಮುದ್ರೆ. ಎದುರಿನ ಚಿಹ್ನೆಯ ಮೇಲೆ ತಿಳಿಯಾದ, ತಿರುಗುಮುರುಗಾದ ಕಲೆ. ಅವರು ಅದನ್ನು ಇದ್ದ ಮಡಿಕೆಯ ಮೇಲೆಯೇ ಮಡಚಿದರು. ಕಲೆ ಮುದ್ರೆಯ ಮೇಲೆ ಸರಿಯಾಗಿ ಕುಳಿತಿತು.

ಮೇಡಂ ನನ್ನ ದರಖಾಸ್ತನ್ನು ಎತ್ತಿಕೊಂಡು, ನಾಲ್ಕನೆಯ ಕಾರಣವನ್ನು ಜೋರಾಗಿ ಓದಿ, ಮತಪತ್ರವನ್ನು ಉಂಗುರದ ಕಡೆ ಇಟ್ಟರು.

ಹದಿಮೂರನೆಯದೂ ಹಾಗೆಯೇ ಇತ್ತು. ಮತ್ತೆ ಓದಿದರು. ಎರಡನೆಯ ಸಲ ಕೇಳುವಾಗ ಆ ವಾಕ್ಯ ನನಗೆ ಅಷ್ಟೊಂದು ಚೆನ್ನಾಗಿ ಕೇಳಿಸಲಿಲ್ಲ.

ಉಂಗುರ ಮುನ್ನೂರ ಹನ್ನೆರಡು. ಕತ್ತರಿ ಮುನ್ನೂರ ಹನ್ನೊಂದು.

ತುಕ್ಕಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಕೈಯಲ್ಲಿದ್ದ ಕಾಗದ ಮತ್ತು ಪೆನ್ನು ಸಮೇತ ಹೊರಗೆ ಅಣ್ಣನ ಕಡೆಗೆ ಓಡಿಹೋದ.

ತಿರಸ್ಕರಿಸಿದವುಗಳಲ್ಲಿ ಒಂದು ಕತ್ತರಿಯದೂ ಇತ್ತು. ಮುದ್ರೆ ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಬಿದ್ದಿದ್ದರೂ ಹೆಚ್ಚಿನ ಭಾಗ ಕತ್ತರಿಯ ಕಡೆಗಿತ್ತು ಎಂದು ನನಗನ್ನಿಸಿತ್ತು. ಅದೊಂದು ಸಿಕ್ಕರೆ ಸಮ.

"ಮೇಡಂ, ನಮಗೂ ಮರುಎಣಿಕಿ ಬೇಕ್ರಿ."

"ಕಾರಣ ಬರದು ಕೊಡ್ರಿ. ಐದು ನಿಮಿಷ," ಎಂದು ಮೇಡಂ ಮತ್ತೆ ಗಡಿಯಾರ ನೋಡಿದರು.

ಜೇಬಿಗೆ ಕೈ ಹಾಕಿದೆ. ಜೇಬು ಖಾಲಿ. ಎರಡು ಪ್ರತಿಯೂ ಎದುರಾಳಿಯ ಪಾಲಾಗಿದ್ದವು, ಪೆನ್ನೂ ಹೋಗಿತ್ತು. ಕೈಪಿಡಿಯ ಹಿಂದಿನ ಖಾಲಿ ಹಾಳೆ ಹರಿದುಕೊಂಡೆ. ಒಬ್ಬ ಗುಮಾಸ್ತ ಪೆನ್ಸಿಲು ಕೊಡಲು ಬಂದ. ಪೆನ್ಸಿಲಿನಲ್ಲಿ ಬರೆದ ದರಖಾಸ್ತು ಸಿಂಧುವೋ ಅಸಿಂಧುವೋ ಎಂಬ ಪ್ರಶ್ನೆ ನನ್ನನ್ನು ಕಾಡಿತು. ಅದನ್ನು ನಿರಾಕರಿಸಿ ಪೆನ್ನು ಹುಡುಕಿದೆ. ಎರಡು ನಿಮಿಷ ಅಲ್ಲಿ ಹೋಯಿತು.

ಪೆನ್ನು ಸಿಕ್ಕಿತು. ಬರೆಯಲು ಕುಳಿತೆ. ಒಂದೇ ಸಾಲು ಬರೆದರೆ ಸಾಕಾಗಿತ್ತು. ಆದರೆ ಕೈಗೆ ಇಪ್ಪತ್ತು ವರ್ಷದ ಅಭ್ಯಾಸ. ಮೊದಲು ಅಧಿಕಾರಿಗಳ ಪದನಾಮ, ಅದರ ಕೆಳಗೆ ಸ್ಥಳ, ಅದರ ಕೆಳಗೆ 'ಮಾನ್ಯರೇ', ಆಮೇಲೆ 'ವಿಷಯ', 'ವಿಷಯ'ದ ಕೆಳಗೆ ಗೆರೆ. ಗೆರೆ ಸ್ವಲ್ಪ ಡೊಂಕಾಯಿತು, ತಿದ್ದಿದೆ. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅತ್ಯಂತ ವಿನಮ್ರವಾಗಿ ವಿನಂತಿಸಿಕೊಳ್ಳುವುದೇನೆಂದರೆ' ಎಂಬಲ್ಲಿಗೆ ಬಂದಾಗ ಮೇಡಂ ಅವರ ದನಿ ಕೇಳಿಸಿತು.

"ವೀರಣ್ಣಾರ, ಏಳು ನಿಮಿಷ ಆತು. ದಸ್ಕತ್ ಹಾಕಿನಿ."

ಏನೆಂದರೆ ಎಂಬುದು ಏನೆಂದು ನನ್ನ ಕಾಗದದಲ್ಲಿ ಇವತ್ತಿಗೂ ಬರೆದಿಲ್ಲ.

ಹೊರಗೆ ಬಂದೆ. ಗುಲಾಲು ಮೆತ್ತಿಕೊಂಡ ಸಂಗಮ್ಮ ಒಂದು ಕಡೆ, ಆಗಷ್ಟೇ ಗುಲಾಲು ಹುಡುಕುತ್ತಿದ್ದ ಮಾಣಿಕಮ್ಮನ ಕಡೆಯವರು ಇನ್ನೊಂದು ಕಡೆ. ಸಂಗಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಬಣ್ಣ ಹೋಗುವ ಬದಲು ಇನ್ನಷ್ಟು ಹರಡುತ್ತಿತ್ತು.

"ಸೋತ್ನೇನ್ರಿ?"

"ಒಂದು ಓಟಿಗಿ."

"ಮತ್ತ ಬೆರಳು ತೋರಿಸಿದ್ರಲ್ಲ?"

"ಮರುಎಣಿಕಿ ಆತು."

"ಯಾರು ಕೇಳಿದ್ರು?"

"ತುಕ್ಕಪ್ಪ."

ಅವಳು ಒರೆಸುವುದನ್ನು ನಿಲ್ಲಿಸಿದಳು. "ತುಕ್ಕಪ್ಪಗ ಇದೆಲ್ಲ ಹ್ಯಾಂಗ ತಿಳೀತು?"

"ಈಗಿನ ಮಂದಿ ಭಾಳ ಹುಷಾರ್ ಆಗ್ಯಾರ," ಎಂದು ಹೇಳಿ ನಾನು ಮೋಟರ್ ಸೈಕಲ್ ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕತೊಡಗಿದೆ. ಅದನ್ನು ನಾನು ಮನೆಯಲ್ಲೇ ಬಿಟ್ಟು ನಡೆದು ಬಂದಿದ್ದೆ.

ಎರಡು ದಿನ ಸಂಘದ ಹೆಂಗಸರು ಬಂದು ಕುಳಿತು, ಚಹಾ ಕುಡಿದು, ನನ್ನ ಕಡೆ ನೋಡದೆ ಹೋಗುತ್ತಿದ್ದರು. ಮೂರನೆಯ ದಿನ ಸಂಗಮ್ಮ ಹೇಳಿದಳು, "ಕೋರ್ಟಿಗಿ ಮೂವತ್ತು ದಿನ ಅದ ಅಂದಿದ್ರಿ. ಜಹೀರಾಬಾದಿಗಿ ಹೋಗಿ ವಕೀಲರಿಗಿ ಕೇಳಮ್."

ಕಾಗದಪತ್ರ ಇಲ್ಲದೆ ವಕೀಲರು ಏನು ಹೇಳಲು ಸಾಧ್ಯ, ನಕಲು ಸಿಗಲು ತಿಂಗಳಾಗುತ್ತದೆ, ಅಷ್ಟರಲ್ಲಿ ಮುದ್ದತು ಮುಗಿಯುತ್ತದೆ ಎಂದು ನಾನು ವಿವರಿಸಿದೆ. ಅವಳು ನೋಟುಬುಕ್ಕಿನ ಹಾಳೆ ಹರಿದು, ತುಕ್ಕಪ್ಪನ ದರಖಾಸ್ತಿನ ನಕಲು ಕೊಡಿ ಎಂದು ಎರಡು ಸಾಲು ಬರೆದು, ಮಂಡಲದ ಕಚೇರಿಗೆ ತಾನೇ ಹೋದಳು. ಸಂಜೆಗೆ ನಕಲು ತಂದಳು. ಆ ಎರಡು ಸಾಲಿನಲ್ಲಿ ವಿಷಯವೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಹೇಗೆ ಮಂಜೂರಾಯಿತೋ ನನಗೆ ಇವತ್ತಿಗೂ ತಿಳಿದಿಲ್ಲ.

ಜಹೀರಾಬಾದಿನ ವಕೀಲರು ವಯಸ್ಸಾದವರು. ದಪ್ಪ ಕನ್ನಡಕ. ನಕಲನ್ನು ಕೈಗೆತ್ತಿಕೊಂಡು ನಿಧಾನವಾಗಿ ಓದಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಓದಿ ಮುಗಿಸಿ, ಅವರು ಮತ್ತೆ ಮೊದಲಿನಿಂದ ಓದಿದರು.

"ವಾಹ್," ಎಂದರು. "ನಾಕನೇ ಕಾರಣ ನೋಡ್ರಿ. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಮ್ಮಿ ಇಲ್ಲ. ಮೂವತ್ತೈದು ವರ್ಷ ಆತು ನಾ ಈ ಕೋಟು ಹಾಕ್ಲಕತ್ತಿ, ಇಂಥಾ ಡ್ರಾಫ್ಟಿಂಗ್ ಹೈಕೋರ್ಟ್ ವಕೀಲರು ಸುದ್ದಾ ಮಾಡಂಗಿಲ್ಲ. ಇದನ್ನ ಬರದಾಂವ ಯಾರೋ ದೊಡ್ಡ ತಲಿ ಅದಾನ."

ನಾನು ಕ್ಯಾಲೆಂಡರಿನಿಂದ ಕಣ್ಣು ಕೀಳಲಿಲ್ಲ. ಕೀಳಬಾರದೆಂದು ನಿರ್ಧರಿಸಿದ್ದೆ. ಇನ್ನು ಒಂದೇ ಒಂದು ನಿಮಿಷ ಸುಮ್ಮನಿದ್ದರೆ ಸಾಕಿತ್ತು.

"ಆ ಮಹಾನುಭಾವ ಯಾರಂತ ನಿಮಗ ಏನರ ಗೊತ್ತದನು?" ಎಂದರು ವಕೀಲರು.

"ನಾನ ರೀ," ಎಂದೆ.

ಅದು ನನ್ನ ಬಾಯಿಂದ ಹೇಗೆ ಬಂತೋ ದೇವರೇ ಬಲ್ಲ. ಆದರೆ ಬರುವಾಗ ಸ್ವಲ್ಪ ಎದೆ ಉಬ್ಬಿಸಿಕೊಂಡೇ ಬಂತು.

ವಕೀಲರು ಕನ್ನಡಕ ತೆಗೆದರು. ನನ್ನನ್ನು ನೋಡಿದರು, ಸಂಗಮ್ಮನನ್ನು ನೋಡಿದರು, ಮತ್ತೆ ಕನ್ನಡಕ ಹಾಕಿಕೊಂಡರು.

"ಅಂದ್ರ ನೀವು ನಿಮ್ಮ ಮನಿಯವರ ಏಜೆಂಟ್. ಕುಂತು, ಎದುರಿನವರಿಗಿ ದರಖಾಸ್ತು ಮಾಡಿಕೊಟ್ರಿ. ಅಧಿಕಾರಿ ಕೇಳಿದಾಗ ತಕರಾರು ಇಲ್ಲ ಅಂದ್ರಿ. ಈಗ ಅದರ ಮ್ಯಾಲ ಕೇಸು ಹಾಕಾಕ ಬಂದೀರಿ." ಅವರು ನಕಲನ್ನು ಮಡಚಿ ಸಂಗಮ್ಮನ ಕೈಗೆ ಕೊಟ್ಟರು. "ತಂಗೀ, ಮೂವತ್ತು ದಿನ ಅದ, ಖರೆ. ಆದ್ರ ಕೋರ್ಟಿನ್ಯಾಗ ಎದುರಿನವರ ಕಡೆ ಮೊದಲ ಸಾಕ್ಷಿ ನಿನ್ನ ಗಂಡನ ಆಗ್ತಾನ."

ಬಸ್ಸಿನಲ್ಲಿ ಸಂಗಮ್ಮ ಮುಂದೆ ಹೆಂಗಸರ ಸೀಟಿನಲ್ಲಿ ಕುಳಿತಳು. ನಾನು ಹಿಂದೆ ನಿಂತೆ. ಕಂಡಕ್ಟರ್ ಬಂದು ಇಬ್ಬರೂ ಜೊತೆಗೆ ಇದ್ದೀರಾ ಎಂದು ಕೇಳಿದ. ಸಂಗಮ್ಮ ಇಲ್ಲ ಎಂದಳು.

ಅರ್ಧ ದಾರಿಯಲ್ಲಿ ಅವಳ ಪಕ್ಕದ ಸೀಟು ಖಾಲಿಯಾಯಿತು. ನಾನು ಅಂಜುತ್ತಲೇ ಹೋಗಿ ಕುಳಿತೆ. ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯ ಹೊರಗೆ ಕಬ್ಬಿನ ಹೊಲಗಳನ್ನು ನೋಡುತ್ತ ಬಹಳ ಹೊತ್ತಿನ ಮೇಲೆ ಹೇಳಿದಳು:

"ಮುನ್ನೂರ ಹನ್ನೊಂದು ಮಂದಿ ನನ್ನ ಮ್ಯಾಲ ಭರೋಸಾ ಇಟ್ರು. ನಾ ನಿಮ್ಮ ಮ್ಯಾಲ ಇಟ್ಟೆ."

ನಾನು ಬಸ್ಸಿನ ಟಿಕೆಟನ್ನು ಮಡಚಿ ಮಡಚಿ ಜೇಬಿನಲ್ಲಿಟ್ಟೆ.

ಅವಳೇ ಮತ್ತೆ ಕೇಳಿದಳು, "ಆ ಎರಡು ಓಟು ಖರೇನ ಮಾಣಿಕಮ್ಮಂದೇ ಇದ್ವೇನ್ರಿ?"

"ಹೌದು. ಮಡಚಿದ ಕಲಿ ಅಷ್ಟೇ. ಓಟು ಉಂಗುರಕ್ಕ ಹಾಕಿದ್ದು."

"ಮತ್ತ ನಂದೊಂದು ಗೆರಿ ಮ್ಯಾಲ ಬಿದ್ದಿತ್ತು ಅಂದಿದ್ರಲ್ಲ, ಅದು?"

ನಾನು ಸುಳ್ಳು ಹೇಳಬಹುದಿತ್ತು. "ಅರ್ಧಕ್ಕರ್ಧ ಇತ್ತು," ಎಂದೆ. "ಹೆಚ್ಚಿಗಿ ನಮ್ಮ ಕಡಿ ಇತ್ತು ಅಂತ ಆಗ ನನಗ ಕಂಡಿತ್ತು."

"ಹಂಗಾದ್ರ ಆಕಿನೇ ಗೆದ್ದಾಳ. ಕೋರ್ಟು ಬ್ಯಾಡ." ಅವಳು ನಕಲಿನ ಕಾಗದವನ್ನು ಚೀಲದಲ್ಲಿ ಇಟ್ಟುಕೊಂಡಳು. "ಆ ಎರಡು ಮಂದಿ ಊರಾಗ ಓಟು ಹಾಕಿದ್ದು ದಂಡ ಆಗ್ತಿತ್ತು. ನೀವು ಬರದ್ರಿ ಅಂತ ಆಗಲಿಲ್ಲ." ನನ್ನ ಮುಖ ಅರಳಿತು. ಅವಳು ತಿರುಗಿ ನೋಡಿದಳು. "ನಗಬ್ಯಾಡ್ರಿ. ನಿಮಗ ಮಾಫಿ ಕೊಟ್ಟಿಲ್ಲ."

ಮರುದಿನ ಬೆಳಿಗ್ಗೆ ಅವಳು ಸಂಘದ ಹೆಂಗಸರನ್ನು ಕರೆದುಕೊಂಡು ಮಾಣಿಕಮ್ಮನ ಮನೆಗೆ ಹೋದಳು. ರೇಷನ್ ಅಂಗಡಿಯ ವಿಷಯವನ್ನು ಮೊದಲ ಸಭೆಯಲ್ಲೇ ಎತ್ತಬೇಕು ಎಂದು ಹೇಳಿ ಬಂದಳಂತೆ. ಮಾಣಿಕಮ್ಮನೂ ಅದೇ ಹಳ್ಳ ದಾಟಿ ಹೋಗುವವಳೇ; ತಕ್ಷಣ ಒಪ್ಪಿದಳಂತೆ. ಆಕೆಯ ಗಂಡ ಅಡ್ಡ ಮಾತಾಡಲು ಬಂದಾಗ ಇಬ್ಬರೂ ಸೇರಿ ಅವನನ್ನು ಎಮ್ಮೆ ಮೇಯಿಸಲು ಕಳಿಸಿದರಂತೆ. ಅಲ್ಲಿಂದ ಬರುವಾಗ ತುಕ್ಕಪ್ಪ ಒಂದು ತಂಬಿಗೆ ಹಾಲು ಕೊಟ್ಟು, "ಅಣ್ಣಾರಿಗಿ ಕೊಡ್ರಿ" ಎಂದನಂತೆ. ಸಂಗಮ್ಮ ಅದರಲ್ಲಿ ಚಹಾ ಮಾಡಿ ಎಲ್ಲರಿಗೂ ಕೊಟ್ಟಳು. ನನಗೆ ಕೊಡಲಿಲ್ಲ.

ಈಗ ಊರಿನಲ್ಲಿ ನನ್ನನ್ನು ಯಾರೂ ಸರ್ಪಂಚ್ ಸಾಬ್ ಎನ್ನುವುದಿಲ್ಲ. ವಕೀಲ್ ಸಾಬ್ ಎನ್ನುತ್ತಾರೆ, ನಗುತ್ತ. ಆದರೆ ಕೀರ್ತಿ ಎಂಬುದು ಯಾವ ದಾರಿಯಿಂದ ಬರುತ್ತದೆಂದು ಹೇಳಲಾಗದು. ವಾರ ಕಳೆದ ಮೇಲೆ ಅಂಗಡಿಯಲ್ಲಿ ಕುಳಿತಿದ್ದಾಗ ಫೋನ್ ಬಂತು. ತಾಂಡೂರು ಕಡೆಯ ಯಾಲಾಲ್ ಹತ್ತಿರದ ಒಂದು ಊರಿನಿಂದ. ಅಲ್ಲಿ ಮುಂದಿನ ಹಂತದ ಚುನಾವಣೆ. ಮಾತಾಡಿದವನ ಹೆಂಡತಿ ಕಣದಲ್ಲಿದ್ದಳು.

"ದರಖಾಸ್ತಿನ ವೀರಣ್ಣಾರು ನೀವೇನ್ರಿ? ನಿಮ್ಮ ಊರಿಗಿ ಬಂದಿದ್ದ ಅಧಿಕಾರಿ ಮೇಡಂ ನಮ್ಮ ಕಡಿಯವರು. ದರಖಾಸ್ತು ಖರೆ ಬರದಾಂವ ಯಾರಂತ ಆಮ್ಯಾಲ ಅವರಿಗೂ ತಿಳೀತಂತ, ಅವರಿಂದ ನಿಮ್ಮ ವಿಷಯ ಎಲ್ಲಾ ಕೇಳಿವಿ. ನಮ್ಮ ಊರಾಗೂ ಎಣಿಕಿ ದಿನ ನೀವು ಏಜೆಂಟ್ ಆಗಿ ಕೂಡ್ರಬೇಕ್ರಿ."

ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಏಜೆಂಟ್ ಅದೇ ಊರಿನ ಮತದಾರ ಆಗಿರಬೇಕೋ ಬೇಡವೋ ಎಂಬುದನ್ನು ನೋಡಬೇಕಾಗುತ್ತದೆ, ಆದರೂ ನಿಮ್ಮ ಮನೆಯವರ ಪರವಾಗಿ ನನ್ನಿಂದ ಆಗುವ ಸೇವೆ ಮಾಡುತ್ತೇನೆ ಎಂದು ಗಂಭೀರವಾಗಿ ಹೇಳಿದೆ.

ಆ ಕಡೆಯವನು ನನ್ನ ಮಾತನ್ನು ಅರ್ಧಕ್ಕೇ ತಡೆದ.

"ನಮ್ಮ ಪರವಾಗಿ ಅಲ್ರಿ," ಎಂದ. "ಎದುರಿನವರ ಕಡಿ."

ಫೋನ್ ಇಟ್ಟುಬಿಡಬೇಕಿತ್ತು. ನಾನು ಎಣಿಕೆ ಯಾವ ದಿನ ಎಂದು ಕೇಳಿ ಬರೆದುಕೊಂಡೆ.